ಅಳದೆ ಹಾಡಿದ ವಿರಹ: ಜಾರ್ಜ್ ಜೋನ್ಸ್ ಅವರ ‘ಐ ಆ್ಯಮ್ ವಾಟ್ ಐ ಆ್ಯಮ್’ ಎಲ್‌ಪಿ

ಅಮೆರಿಕದ ಕಂಟ್ರಿ ಗಾಯಕ ಜಾರ್ಜ್ ಜೋನ್ಸ್ ಅವರ ‘ಐ ಆ್ಯಮ್ ವಾಟ್ ಐ ಆ್ಯಮ್’ ಎಂಬ ಧ್ವನಿಮುದ್ರಿಕೆಯನ್ನು ಎಪಿಕ್ ಕಂಪನಿ ಹೊರತಂದದ್ದು 1980ರಲ್ಲಿ. ಹತ್ತು ಹಾಡುಗಳಿರುವ ಈ ಎಲ್‌ಪಿಯ ಹಳೆಯ ಪ್ರತಿಯೊಂದನ್ನು ಅಮೆರಿಕದಲ್ಲಿರುವ ನಮ್ಮ ಭಾವನವರು ಅಲ್ಲಿನ ಹಳೆಯ ಗ್ರಾಮಫೋನ್ ತಟ್ಟೆಗಳ ಅಂಗಡಿಯಿಂದ ತಂದುಕೊಟ್ಟರು. ಸಾಗರದ ನಮ್ಮ ಮನೆಯಲ್ಲಿ ಹೋದ ಮಳೆಗಾಲವಿಡೀ ಹೆಚ್ಚು ಕಡಿಮೆ ಅದೊಂದೇ ತಿರುಗಿತು. ಕಂಟ್ರಿ ಸಂಗೀತವೆಂದರೆ ಅಗಲ ಅಂಚಿನ ಟೋಪಿ, ಕುದುರೆ, ಗಿಟಾರು ಎಂದಷ್ಟೇ ತಿಳಿದಿರುವ ಕನ್ನಡದ ಕೇಳುಗರು, ಅದರಲ್ಲೂ ಭಾವಗೀತೆಗಳನ್ನು ಕೇಳುತ್ತ ಬೆಳೆದವರು, ಆ ಸಂಗೀತದ ಪರಿಚಯ ಮಾಡಿಕೊಳ್ಳಬೇಕೆಂದರೆ ನಾನು ಮೊದಲು ಹೆಸರಿಸುವುದು ಇದನ್ನೇ. ಇದರಲ್ಲಿ ದೋಷಗಳಿವೆ, ಅವನ್ನೂ ಮುಂದೆ ಹೇಳುತ್ತೇನೆ. ಆದರೆ ಪ್ರೀತಿ ಕೈತಪ್ಪಿದವನ ದುಃಖವನ್ನು ಅಳದೆ ಹಾಡುವುದು ಹೇಗೆ, ಹಿರಿಯ ಗಾಯಕರನ್ನು ಅನುಕರಿಸುತ್ತಲೇ ಬೆಳೆದ ಕಂಠವೊಂದು ಕೊನೆಗೆ ತನ್ನದೇ ಆಗುವುದು ಹೇಗೆ ಎಂಬ ಎರಡು ಸಂಗತಿಗಳನ್ನು ಇಷ್ಟು ಸ್ಪಷ್ಟವಾಗಿ ಒಟ್ಟಿಗೆ ಕೇಳಿಸುವ ತಟ್ಟೆ ನನ್ನ ಸಂಗ್ರಹದಲ್ಲಿ ಇನ್ನೊಂದಿಲ್ಲ.

ಮೊದಲ ಬದಿಯ ಮೊದಲ ಹಾಡು ‘ಹಿ ಸ್ಟಾಪ್ಡ್ ಲವಿಂಗ್ ಹರ್ ಟುಡೇ’. ಬಾಬಿ ಬ್ರ್ಯಾಡಕ್ ಮತ್ತು ಕರ್ಲಿ ಪಟ್ಮನ್ ಸೇರಿ ಬರೆದ ಈ ಹಾಡಿನಲ್ಲಿ ಕಥೆ ಹೇಳುವವನು ಪ್ರೇಮಿಯಲ್ಲ, ಪ್ರೇಮಿಯ ಸ್ನೇಹಿತ. ಸಾಯುವ ತನಕ ನಿನ್ನನ್ನು ಪ್ರೀತಿಸುತ್ತೇನೆಂದು ಒಬ್ಬ ಹೇಳಿದ್ದ. ಕ್ರಮೇಣ ಮರೆಯುತ್ತೀಯ ಎಂದು ಅವಳು ಹೇಳಿ ಹೋಗಿದ್ದಳು. ವರ್ಷಗಳು ಕಳೆದರೂ ಅವನು ಮರೆಯಲಿಲ್ಲ. ಅವನ ಗೋಡೆಯ ಮೇಲೆ ಅವಳ ಚಿತ್ರವಿದೆ, ಹಾಸಿಗೆಯ ಪಕ್ಕದಲ್ಲಿ 1962ರ ತಾರೀಕಿನ ಪತ್ರಗಳಿವೆ, ಆ ಪತ್ರಗಳಲ್ಲಿ ಪ್ರೀತಿಯ ಮಾತು ಬಂದ ಕಡೆಯೆಲ್ಲ ಅವನು ಕೆಂಪು ಗೆರೆ ಎಳೆದಿದ್ದಾನೆ. ಹಾಡಿನ ಶೀರ್ಷಿಕೆಯನ್ನು ಓದಿದವನು ಇವನಿಗೆ ಅಂತೂ ಬಿಡುಗಡೆಯಾಯಿತು ಎಂದುಕೊಳ್ಳುತ್ತಾನೆ. ಪ್ರೀತಿಸುವುದನ್ನು ಅವನು ಇವತ್ತು ನಿಲ್ಲಿಸಿದ್ದು ಸತ್ತು ಹೋದದ್ದರಿಂದ ಎಂಬುದು ಪಲ್ಲವಿ ಬಂದ ಮೇಲಷ್ಟೇ ಮನಸ್ಸಿಗೆ ಇಳಿಯುತ್ತದೆ. ಆ ಪಲ್ಲವಿಯನ್ನು ಬರೆದವರೂ ಹಾಡಿದವರೂ ತಡೆದು ಹಿಡಿದಿದ್ದಾರೆ. ಚರಣದ ಮೇಲೆ ಚರಣ ಮುಗಿದು, ಹಾಡಿನ ಸುಮಾರು ಅರ್ಧ ದಾರಿ ಸವೆದ ಮೇಲೆಯೇ ಅದು ಮೊದಲ ಸಲ ಬರುತ್ತದೆ. ಪಲ್ಲವಿಯಿಂದಲೇ ಶುರುವಾಗುವ ಭಾವಗೀತೆಗಳಿಗೆ ಹೊಂದಿಕೊಂಡ ನಮ್ಮ ಕಿವಿಗೆ ಈ ಕಾಯಿಸುವಿಕೆ ಹೊಸದು. ಅದೇ ಈ ಹಾಡಿನ ಮುಖ್ಯ ಬಲ.

ಜೋನ್ಸ್ ಮೊದಲ ಚರಣವನ್ನು ಹೆಚ್ಚುಕಡಿಮೆ ಮಾತಿನ ಮಟ್ಟದಲ್ಲಿ, ಕೆಳಸ್ಥಾಯಿಯಲ್ಲಿ ಎತ್ತಿಕೊಳ್ಳುತ್ತಾರೆ. ಬಾಯಿಯನ್ನು ಅಗಲವಾಗಿ ತೆರೆಯದೆ, ದವಡೆಯನ್ನು ಬಿಗಿಹಿಡಿದು, ಸ್ವರವನ್ನು ಹಲ್ಲುಗಳ ಹಿಂದೆಯೇ ತಿರುಗಿಸಿ ಹೊರಗೆ ಬಿಡುವ ರೀತಿ ಅವರದು. ಶಿವಮೊಗ್ಗದಲ್ಲಿ ಸುಗಮ ಸಂಗೀತದ ಕಾರ್ಯಕ್ರಮಗಳನ್ನು ಕೊಡುವ ಗೆಳೆಯರೊಬ್ಬರು ಮನೆಗೆ ಬಂದಾಗ ಈ ಹಾಡನ್ನು ಹಾಕಿದ್ದೆ. ಪತ್ರಗಳ ಚರಣ ಮುಗಿಯುತ್ತಿದ್ದಂತೆ ಅವರು ಕೈಯೆತ್ತಿ, ‘ಮಾರಾಯ, ಮುಳ್ಳು ಸ್ವಲ್ಪ ಹಿಂದೆ ಇಡು, ಇವರು ತಾಳಕ್ಕೆ ಸರಿಯಾಗಿ ಬರ್ತಾ ಇಲ್ಲ, ಬೇಕಂತಲೇ ಹಿಂದೆ ಉಳೀತಿದಾರೆ’ ಎಂದರು. ನಿಜ. ವಾದ್ಯಗಳು ಹೆಜ್ಜೆ ತಪ್ಪದೆ ಮುಂದೆ ಸಾಗುತ್ತಿರುವಾಗ ಹಾಡುವವರು ಪದವನ್ನು ಕೂದಲೆಳೆಯಷ್ಟು ತಡವಾಗಿ ಇಡುತ್ತಾರೆ. ಹೇಳಬೇಕೋ ಬೇಡವೋ ಎಂಬ ಅನುಮಾನ ಪ್ರತಿ ಸಾಲಿನಲ್ಲೂ ಉಳಿಯುತ್ತದೆ. ಸಾವಿನ ಸುದ್ದಿ ಹೇಳಲು ಬಂದ ಸ್ನೇಹಿತ ಹಾಗಲ್ಲದೆ ಇನ್ನು ಹೇಗೆ ಮಾತನಾಡಿಯಾನು? ಆ ಗೆಳೆಯರಿಗೆ ಇಂಗ್ಲಿಷ್ ಸಾಹಿತ್ಯ ಪೂರ್ತಿ ತಿಳಿದಿರಲಿಲ್ಲ, ನಾನು ಅರ್ಥ ವಿವರಿಸಿದ್ದು ಆಮೇಲೆ. ಸಂಕಟ ಎಲ್ಲಿದೆ ಎಂಬುದನ್ನು ಅವರು ಲಯದಲ್ಲೇ ಹಿಡಿದಿದ್ದರು.

ಈ ಹಾಡು ಹುಟ್ಟಿದ ಸಂದರ್ಭವನ್ನು ತಿಳಿದುಕೊಂಡರೆ ತಟ್ಟೆಯ ಬೆಲೆ ಇನ್ನಷ್ಟು ಗೊತ್ತಾಗುತ್ತದೆ. 1970ರ ದಶಕದ ಕೊನೆಯ ಹೊತ್ತಿಗೆ ಜೋನ್ಸ್ ಕುಡಿತ ಮತ್ತು ಮಾದಕ ವಸ್ತುಗಳಿಂದ ಜರ್ಜರಿತರಾಗಿದ್ದರು. ಒಪ್ಪಿಕೊಂಡ ಕಾರ್ಯಕ್ರಮಗಳಿಗೆ ಬಾರದೆ ‘ನೋ ಶೋ ಜೋನ್ಸ್’ ಎಂಬ ಅಡ್ಡಹೆಸರನ್ನೂ ಪಡೆದಿದ್ದರು. ನಿರ್ಮಾಪಕ ಬಿಲ್ಲಿ ಶೆರಿಲ್ ಈ ಹಾಡನ್ನು ಮುಂದಿಟ್ಟಾಗ ಇಷ್ಟೊಂದು ಸಾವಿನ ವಾಸನೆಯ ಹಾಡನ್ನು ಯಾರೂ ಕೊಳ್ಳುವುದಿಲ್ಲವೆಂದು ಅವರು ಹೇಳಿದ್ದರು. ಧ್ವನಿಮುದ್ರಣದ ವೇಳೆ ಈ ಹಾಡಿನ ಧಾಟಿ ಬಿಟ್ಟು ಕ್ರಿಸ್ ಕ್ರಿಸ್ಟೋಫರ್ಸನ್ ಅವರ ಪ್ರಸಿದ್ಧ ಹಾಡೊಂದರ ಧಾಟಿಗೆ ಮತ್ತೆ ಮತ್ತೆ ಜಾರುತ್ತಿದ್ದರೆಂಬುದೂ ದಾಖಲಾಗಿರುವ ಸಂಗತಿ. ನಡುವೆ ಬರುವ ಮಾತಿನ ಭಾಗ ನಾಲ್ಕೇ ಸಾಲಿನದು. ಅವಳು ಕೊನೆಯ ಬಾರಿ ಅವನನ್ನು ನೋಡಲು ಬಂದಳೆಂದು ಹೇಳುವ ಸಾಲುಗಳವು. ಅಮಲಿನಲ್ಲಿ ಹಾಡಿದರೂ ಹೇಗೋ ನಡೆದೀತು, ಮಾತು ತೊದಲುತ್ತದೆ. ಹೀಗಾಗಿ ಮೊದಲ ಚರಣಕ್ಕೂ ಆ ಮಾತಿಗೂ ನಡುವೆ 18 ತಿಂಗಳು ಕಳೆದವೆಂದು ಶೆರಿಲ್ ಹೇಳಿಕೊಂಡಿದ್ದಾರೆ. ತಟ್ಟೆಯಲ್ಲಿ ಆ ಭಾಗವನ್ನು ಗಮನವಿಟ್ಟು ಕೇಳಿರಿ. ಹಿನ್ನೆಲೆಯಲ್ಲಿ ಮಿಲ್ಲಿ ಕರ್ಕಮ್ ಅವರ ತಾರಸ್ಥಾಯಿಯ ಆಲಾಪ ತೇಲುತ್ತಿರುವಾಗ ಜೋನ್ಸ್ ಅವರ ಮಾತಿನಲ್ಲಿ ನಟನೆಯ ಸುಳಿವೇ ಇಲ್ಲ. 1980ರ ಜುಲೈಯಲ್ಲಿ ಈ ಹಾಡು ಕಂಟ್ರಿ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್ 1980 ಮತ್ತು 1981ರಲ್ಲಿ, ಸತತ ಎರಡು ವರ್ಷ, ಇದನ್ನು ವರ್ಷದ ಹಾಡೆಂದು ಆರಿಸಿತು. ಹಲವು ದಶಕಗಳ ತಮ್ಮ ವೃತ್ತಿಯನ್ನು ಮೂರು ನಿಮಿಷದ ಹಾಡೊಂದು ಉಳಿಸಿತೆಂದು ಜೋನ್ಸ್ ಅವರೇ ಮುಂದೆ ಬರೆದುಕೊಂಡರು.

ಇಂಥ ಕಂಠ ಎಲ್ಲಿಂದ ಬಂತು ಎಂಬುದು ನನಗೆ ಈ ತಟ್ಟೆಯಷ್ಟೇ ಆಸಕ್ತಿಯ ವಿಷಯ. ಜೋನ್ಸ್ ಹುಟ್ಟಿದ್ದು 1931ರಲ್ಲಿ, ಟೆಕ್ಸಸ್ ರಾಜ್ಯದ ಸಾರಟೋಗ ಎಂಬ ಊರಿನಲ್ಲಿ. ತಾಯಿ ಚರ್ಚಿನಲ್ಲಿ ಪಿಯಾನೊ ನುಡಿಸುತ್ತಿದ್ದರು. ತಂದೆ ಕುಡಿದು ಬಂದ ರಾತ್ರಿಗಳಲ್ಲಿ ಮಕ್ಕಳನ್ನು ಎಬ್ಬಿಸಿ ಹಾಡಿಸುತ್ತಿದ್ದರು. ಹುಡುಗನಿಗೆ ಏಳು ವರ್ಷವಾದಾಗ ಮನೆಗೆ ರೇಡಿಯೊ ಬಂತು. ಶನಿವಾರ ರಾತ್ರಿ ನ್ಯಾಶ್‌ವಿಲ್‌ನಿಂದ ‘ಗ್ರ್ಯಾಂಡ್ ಓಲ್ ಆಪ್ರಿ’ ಕಾರ್ಯಕ್ರಮ ಪ್ರಸಾರವಾಗುವಾಗ ಅಪ್ಪ ಅಮ್ಮನ ನಡುವೆ ಮಲಗಿ ಕೇಳುತ್ತಿದ್ದ ಅವನು, ತನಗೆ ನಿದ್ದೆ ಬಂದರೂ ರಾಯ್ ಏಕಫ್ ಅಥವಾ ಬಿಲ್ ಮನ್ರೊ ಹಾಡಲು ಬಂದಾಗ ಎಬ್ಬಿಸಬೇಕೆಂದು ಅಮ್ಮನಿಗೆ ಹೇಳಿಡುತ್ತಿದ್ದ. ಭದ್ರಾವತಿ ಆಕಾಶವಾಣಿಯ ಭಾವಗೀತೆಗಳಿಗಾಗಿ ಕಾದು ಕುಳಿತು, ಕೇಳುತ್ತ ಕೇಳುತ್ತಲೇ ಹಾಡು ಕಲಿತ ಎಷ್ಟೋ ಜನ ನಮ್ಮ ಜಿಲ್ಲೆಯಲ್ಲೂ ಇರುವುದರಿಂದ ಈ ವಿವರ ನಮಗೆ ದೂರದ್ದೆನಿಸುವುದಿಲ್ಲ.

ಏಕಫ್ ಅವರದು ತುಂಬು ಗಂಟಲಿನ, ಎದೆ ಬಿಚ್ಚಿದ ದುಃಖ. ವೇದಿಕೆಯ ಮೇಲೆ ಹಾಡುತ್ತ ಕಣ್ಣೀರು ಸುರಿಸುವುದಕ್ಕೇ ಅವರು ಹೆಸರಾಗಿದ್ದರು. ಜೋನ್ಸ್ ಅವರ ಮೇಲೆ ಬಿದ್ದ ಎರಡನೆಯ ಪ್ರಭಾವ ಹ್ಯಾಂಕ್ ವಿಲಿಯಮ್ಸ್. 1949ರಲ್ಲಿ ಬೋಮಾಂಟ್ ನಗರದ ರೇಡಿಯೊ ಕೇಂದ್ರಕ್ಕೆ ಹ್ಯಾಂಕ್ ಬಂದಿದ್ದರು. ಅಲ್ಲಿ ಅವರಿಗೆ ಗಿಟಾರ್ ಸಾಥ್ ನೀಡುವ ಅವಕಾಶ ಹದಿಹರೆಯದ ಜೋನ್ಸ್ ಅವರಿಗೆ ಸಿಕ್ಕಿತು. ಆದರೆ ಎದುರಿಗೆ ನಿಂತು ಹಾಡುತ್ತಿದ್ದವರನ್ನು ನೋಡುತ್ತ ಒಂದು ಸ್ವರವನ್ನೂ ನುಡಿಸಲಾಗಲಿಲ್ಲವೆಂದು ಅವರು ನೆನಪಿಸಿಕೊಂಡಿದ್ದಾರೆ. 1953ರ ಜನವರಿ 1ರಂದು ಹ್ಯಾಂಕ್ ತೀರಿಕೊಂಡಾಗ ಅವರಿಗೆ ಇನ್ನೂ 29 ವರ್ಷ. ಮೆರೀನ್ ಪಡೆಯ ಸೈನಿಕನಾಗಿ ಕ್ಯಾಲಿಫೋರ್ನಿಯಾದಲ್ಲಿದ್ದ ಜೋನ್ಸ್ ಆ ಸುದ್ದಿ ಕೇಳಿ ಅತ್ತರು. ಹ್ಯಾಂಕ್ ಅವರಿಂದ ಇವರು ಕಲಿತದ್ದು ಸ್ವರ ಏರುವ ಗಳಿಗೆಯಲ್ಲಿ ಗಂಟಲು ಒಡೆಯುವಂತೆ ಕೇಳಿಸುವ ಬಿರುಕು. ಮೂರನೆಯವರು ಲೆಫ್ಟಿ ಫ್ರಿಜೆಲ್. ಎತ್ತರದ ಸ್ವರವನ್ನು ಹಿಡಿದು ನಿಲ್ಲಿಸಿ ದಣಿಯುವ ಬದಲು ಅದನ್ನು ಹಾಗೆಯೇ ಉರುಳಲು ಬಿಡುವ, ಒಂದು ಅಕ್ಷರವನ್ನು ಮೂರು ನಾಲ್ಕು ಸ್ವರಗಳ ಮೇಲೆ ಜಾರಿಸುವ ಹಾಡಿಕೆ ಲೆಫ್ಟಿ ಅವರದು. ನಮ್ಮ ಸಂಗೀತದ ಜಾರು ಗಮಕವನ್ನು ಬಲ್ಲವರಿಗೆ ಇದು ಕೂಡಲೇ ಕಿವಿಗೆ ಸಿಗುತ್ತದೆ.

1954ರಲ್ಲಿ ಸ್ಟಾರ್‌ಡೇ ಕಂಪನಿಗೆ ಹಾಡಲು ಬಂದ ಜೋನ್ಸ್, ಈ ಮೂವರನ್ನೂ ಒಬ್ಬರಾದ ಮೇಲೊಬ್ಬರಂತೆ ಅನುಕರಿಸಿದರು. ಏಕಫ್ ಅವರಂತೆ ಹಾಡಿದ್ದಾಯಿತು, ಹ್ಯಾಂಕ್ ಅವರಂತೆ, ಲೆಫ್ಟಿ ಅವರಂತೆ ಹಾಡಿದ್ದೂ ಆಯಿತು, ಇನ್ನು ಜಾರ್ಜ್ ಜೋನ್ಸ್‌ನಂತೆ ಹಾಡಲು ಬರುತ್ತದೆಯೇ ಎಂದು ನಿರ್ಮಾಪಕ ಪ್ಯಾಪಿ ಡೇಲಿ ಕೇಳಿದರೆಂಬ ಪ್ರಸಂಗ ಕಂಟ್ರಿ ವಲಯದಲ್ಲಿ ಬಹಳ ಪ್ರಸಿದ್ಧ. ಯಕ್ಷಗಾನ ನೋಡಿಕೊಂಡು ಬೆಳೆದ ಮಲೆನಾಡಿನವರಿಗೆ ಈ ಪ್ರಶ್ನೆಯ ಭಾರ ಗೊತ್ತು. ಗುರು ನಾರಣಪ್ಪ ಉಪ್ಪೂರರಿಂದ ಕಲಿತ ಕಾಳಿಂಗ ನಾವಡರು ತಮ್ಮದೇ ದಾರಿಯನ್ನು ಮಾಡಿಕೊಂಡರು. 1990ರಲ್ಲಿ ಅವರು ತೀರಿಕೊಂಡ ಮೇಲೆ ನಾವಡರಂತೆ ಹಾಡುವ ಭಾಗವತರು ಊರೂರಿನಲ್ಲಿ ಬಂದರು. ಅವರಲ್ಲಿ ತಮ್ಮ ದನಿಯನ್ನು ಕಂಡುಕೊಂಡವರ ಪದ್ಯಗಳನ್ನಷ್ಟೇ ನಾವು ಇಂದಿಗೂ ಹುಡುಕಿಕೊಂಡು ಹೋಗಿ ಕೇಳುತ್ತೇವೆ. ಜೋನ್ಸ್ ತಮ್ಮ ಹಿರಿಯರನ್ನು ಎಂದೂ ಮುಚ್ಚಿಡಲಿಲ್ಲ. 1960 ಮತ್ತು 1962ರಲ್ಲಿ ಹ್ಯಾಂಕ್ ಅವರ ಹಾಡುಗಳಿಗೇ ಮೀಸಲಾದ ಎರಡು ಎಲ್‌ಪಿಗಳನ್ನು ಹಾಡಿಕೊಟ್ಟರು. ಅವುಗಳಲ್ಲಿ ಹ್ಯಾಂಕ್ ಇನ್ನೂ ಎದ್ದು ಕಾಣುತ್ತಾರೆ. 1980ರ ಈ ತಟ್ಟೆಗೆ ಬರುವ ಹೊತ್ತಿಗೆ ಮೂವರೂ ಕರಗಿ ಹೋಗಿದ್ದಾರೆ: ಹ್ಯಾಂಕ್ ಅವರ ಬಿರುಕು ಸಾಲಿಗೊಮ್ಮೆ ಅಲ್ಲ, ಹಾಡಿಗೊಮ್ಮೆ ಮಾತ್ರ ಬರುತ್ತದೆ, ಲೆಫ್ಟಿ ಅವರ ಜಾರು ಪದದ ಕೊನೆಯಲ್ಲಿ ಹಗುರವಾಗಿ ಬಾಗಿ ನಿಲ್ಲುತ್ತದೆ, ಏಕಫ್ ಅವರ ಅಳು ಬಿಗಿಹಿಡಿದ ದವಡೆಯ ಹಿಂದೆಯೇ ಉಳಿದು ಹೊರಗೆ ಬರುವುದೇ ಇಲ್ಲ. ಕೇಳುವವರ ಎದೆಗೆ ತಾಗುವುದು ಹೀಗೆ ಹೊರಬರದೆ ಉಳಿದದ್ದೇ ಎಂದು ನನ್ನ ನಂಬಿಕೆ.

ವಿರಹದ ಹಾಡುಗಳ ಬಗ್ಗೆ ಅವರಿಗಿದ್ದ ಒಲವು ಕಂಪನಿ ಹೇಳಿಕೊಟ್ಟದ್ದಲ್ಲ. ಕುಣಿಸುವ ಹಾಡುಗಳನ್ನೂ ಹಾಡಿ ಹೆಸರು ಮಾಡಿದ್ದರೂ, ವೃತ್ತಿಜೀವನದುದ್ದಕ್ಕೂ ಅವರು ಮರಳಿ ಮರಳಿ ಬಂದದ್ದು ನಿಧಾನ ಗತಿಯ ದುಃಖದ ಹಾಡುಗಳಿಗೆ. 1970ರ ಒಂದು ಹಾಡಿನಲ್ಲಿ ಹೆಂಡತಿ ಬಿಟ್ಟು ಹೋಗುತ್ತಿರುವ ಮನೆಯ ಅಂಗಳದಲ್ಲಿ ಗುಲಾಬಿ ಚೆನ್ನಾಗಿ ಬಿಟ್ಟಿದೆ. 1974ರ ‘ದ ಗ್ರ್ಯಾಂಡ್ ಟೂರ್’ನಲ್ಲಿ ಒಬ್ಬಂಟಿ ಗಂಡಸು ಬಂದವರಿಗೆ ತನ್ನ ಖಾಲಿ ಮನೆಯ ಕೋಣೆ ಕೋಣೆಯನ್ನೂ ತೋರಿಸುತ್ತಾನೆ. ಗಾಯಕಿ ಟ್ಯಾಮಿ ವೈನೆಟ್ ಅವರೊಂದಿಗೆ 1969ರಲ್ಲಿ ಆದ ಮದುವೆ 1975ರಲ್ಲಿ ಮುರಿದುದರಿಂದ, ಜೋನ್ಸ್ ಏನು ಹಾಡಿದರೂ ಅದು ಅವರದೇ ಕಥೆಯೆಂದು ಜನ ಕೇಳತೊಡಗಿದರು. ಈ ತಟ್ಟೆಯ ಬಗ್ಗೆಯೂ ಹಾಗೆ ಹೇಳುವವರಿದ್ದಾರೆ. ಬದುಕಿನ ನೋವು ಕಂಠಕ್ಕೆ ತೂಕ ಕೊಟ್ಟಿರಬಹುದು. ಆದರೆ ಒಂದು ಪದವನ್ನು ಎಲ್ಲಿ ತಡೆಯಬೇಕು, ಎಲ್ಲಿ ಬಿಡಬೇಕು ಎಂಬ ವಿವೇಕ ಬಂದದ್ದು ಅಮ್ಮನ ಪಕ್ಕ ಮಲಗಿ ರೇಡಿಯೊ ಕೇಳಿದ ದಿನಗಳಿಂದ ಶುರುವಾದ ಕಲಿಕೆಯಿಂದ. ಅದನ್ನು ವಿಚ್ಛೇದನದ ಲೆಕ್ಕಕ್ಕೆ ಬರೆಯುವುದು ಕಲಾವಿದನಿಗೆ ಮಾಡುವ ಅನ್ಯಾಯ.

ಉಳಿದ ಹಾಡುಗಳಲ್ಲಿ ‘ಐ ಆ್ಯಮ್ ನಾಟ್ ರೆಡಿ ಯೆಟ್’ ನನಗೆ ಬಹಳ ಇಷ್ಟವಾದದ್ದು. ಟಾಮ್ ಟಿ. ಹಾಲ್ ಬರೆದ ಈ ಹಾಡಿನ ಮನುಷ್ಯ ಹೊರಟು ಹೋಗಬೇಕೆಂದು ತಿಳಿದೂ ಹೋಗಲಾರ. ಎರಡನೆಯ ಬದಿಯನ್ನು ಇದರಿಂದ ಆರಂಭಿಸಿದ್ದು ಒಳ್ಳೆಯ ನಿರ್ಧಾರ; ಮೊದಲ ಬದಿ ಕೊಟ್ಟ ಭಾರ ಇಲ್ಲಿ ಕಡಿಮೆಯಾಗದೆ ಮುಂದುವರಿಯುತ್ತದೆ. ಕುಡಿತ ಕೊಲ್ಲದಿದ್ದರೆ ಅವಳ ನೆನಪು ಕೊಲ್ಲುತ್ತದೆ ಎಂಬ ಅರ್ಥದ ಹಾಡು ಅಮೆರಿಕದಲ್ಲಿ ಬಹಳ ಜನಪ್ರಿಯ. ಅದರ ಶೀರ್ಷಿಕೆಯಲ್ಲೇ ಎಲ್ಲವನ್ನೂ ಹೇಳಿ ಮುಗಿಸಿರುವುದರಿಂದ ಮತ್ತೆ ಮತ್ತೆ ಕೇಳಿದಾಗ ಹೊಸದೇನೂ ಸಿಗುವುದಿಲ್ಲ, ಹಾಡಿಕೆ ಮಾತ್ರ ನಿರ್ದುಷ್ಟವಾಗಿದೆ. ಐದೇ ವರ್ಷದಲ್ಲಿ ಇಪ್ಪತ್ತು ವರ್ಷ ಮುದುಕನಾದೆ ಎನ್ನುವ ಹಾಡು ಚಿಕ್ಕದು, ಗಟ್ಟಿಯಾದದ್ದು. ಎರಡನೆಯ ಬದಿಯ ಕೊನೆಯ ಭಾಗ ಸಪ್ಪೆ. ‘ಎ ಹಾರ್ಡ್ ಆ್ಯಕ್ಟ್ ಟು ಫಾಲೋ’ ಬಂದಾಗ ನಾನು ಮುಳ್ಳನ್ನು ಎತ್ತಿಬಿಡುವುದೇ ಹೆಚ್ಚು.

ವಾದ್ಯ ಸಂಯೋಜನೆಯ ಬಗ್ಗೆ ನನ್ನ ದೊಡ್ಡ ಆಕ್ಷೇಪವಿದೆ. ಶೆರಿಲ್ ಅವರಿಗೆ ಪಿಟೀಲುಗಳ ದೊಡ್ಡ ತಂಡ, ಹಿನ್ನೆಲೆಯ ವೃಂದಗಾನ ಇವುಗಳ ಮೇಲೆ ತುಂಬ ಪ್ರೀತಿ. ಮೊದಲ ಹಾಡಿನಲ್ಲಿ ಅದು ಒಪ್ಪುತ್ತದೆ; ಚಾರ್ಲಿ ಮೆಕಾಯ್ ಅವರ ಮೌತ್ ಆರ್ಗನ್, ಪೀಟ್ ಡ್ರೇಕ್ ಅವರ ಪೆಡಲ್ ಸ್ಟೀಲ್ ಗಿಟಾರ್ ಒಂದೊಂದಾಗಿ ಸೇರುತ್ತ, ಪಿಟೀಲುಗಳು ಪಲ್ಲವಿಯ ಹೊಸ್ತಿಲಿಗೆ ಬಂದು ಒಮ್ಮೆಲೇ ಮೇಲೇಳುವಾಗ ಮೈ ಜುಮ್ಮೆನ್ನುತ್ತದೆ. ಆದರೆ ಅದೇ ಏರಿಕೆಯನ್ನು ಬೇರೆ ಹಾಡುಗಳಲ್ಲೂ ಬಳಸಿರುವುದರಿಂದ, ಪಾಯಸಕ್ಕೆ ಬೆಲ್ಲ ಹಾಕಿದ ಮೇಲೆ ಸಕ್ಕರೆಯನ್ನೂ ಸುರಿದಂತೆ ಆಗಿದೆ. ಗಾಯಕ ತಡೆದು ಹಿಡಿದ ಅಳುವನ್ನು ಪಿಟೀಲುಗಳು ಅವರ ಪರವಾಗಿ ಅತ್ತುಬಿಡುತ್ತವೆ. ಸಿ. ಅಶ್ವತ್ಥ್ ಅವರಂಥವರು ಹಾರ್ಮೋನಿಯಂ ಮತ್ತು ತಬಲಾ ಇಷ್ಟರಿಂದಲೇ ಒಂದು ಕವಿತೆಯನ್ನು ನಿಲ್ಲಿಸಬಲ್ಲವರಾಗಿದ್ದರೆಂಬುದನ್ನು ಬಲ್ಲ ನಮಗೆ ಇದು ಇನ್ನೂ ಹೆಚ್ಚು ಎದ್ದು ಕೇಳಿಸುತ್ತದೆ.

ವಿಶೇಷವೆಂದರೆ ಈ ದೋಷವನ್ನು ನಮ್ಮ ಮಳೆ ತಕ್ಕಮಟ್ಟಿಗೆ ಸರಿಪಡಿಸುತ್ತದೆ. ಆಷಾಢದ ಮಳೆ ಮಂಗಳೂರು ಹೆಂಚಿನ ಮೇಲೆ ಎಡೆಬಿಡದೆ ಹೊಡೆಯುತ್ತಿರುವಾಗ ಮೇಲಿನ ಸ್ವರಗಳೆಲ್ಲ ಆ ಸದ್ದಿನಲ್ಲಿ ಮುಚ್ಚಿಹೋಗುತ್ತವೆ. ಪಿಟೀಲು ಮಸುಕಾಗುತ್ತದೆ, ತಾಳವಾದ್ಯದ ಕುಂಚದ ಸದ್ದು ಕೇಳುವುದೇ ಇಲ್ಲ. ಜೋನ್ಸ್ ಅವರ ಕಂಠ ಇರುವುದು ಮಧ್ಯದ ಸ್ಥಾಯಿಯಲ್ಲಿ. ಅದು ಮಳೆಯ ಕೆಳಗೆ ನುಸುಳಿ ಸ್ಪಷ್ಟವಾಗಿ ಬರುತ್ತದೆ. ಸ್ಪೀಕರನ್ನು ಗೋಡೆಯಿಂದ ಒಂದೆರಡು ಅಡಿ ಮುಂದಕ್ಕೆ ತಂದು, ಸದ್ದನ್ನು ಹೆಚ್ಚು ಮಾಡದೆ, ಹತ್ತಿರ ಕುಳಿತು ಕೇಳಿದರೆ ಪದಗಳ ನಡುವಿನ ಉಸಿರೂ ಕೇಳಿಸುತ್ತದೆ. ಮಳೆಯನ್ನು ಗೆಲ್ಲಲೆಂದು ಸದ್ದು ಏರಿಸಿದರೆ ಮತ್ತೆ ಪಿಟೀಲುಗಳೇ ಮುಂದೆ ಬರುತ್ತವೆ.

ಇದೇ ಹಾಡುಗಳು ಮೊಬೈಲಿನ ಸಂಗೀತ ಆ್ಯಪ್‌ಗಳಲ್ಲಿ ಸಿಗುತ್ತವೆ, ಮೊದಲ ಪರಿಚಯಕ್ಕೆ ಅಷ್ಟು ಸಾಕು. ಶಿವಮೊಗ್ಗದ ಅಂಗಡಿಗಳಲ್ಲಿ ಈ ತಟ್ಟೆ ನನಗೆ ಕಂಡಿಲ್ಲ. ವಿದೇಶದಲ್ಲಿರುವ ಬಂಧುಗಳ ಮೂಲಕವೋ ಆನ್‌ಲೈನ್‌ನಲ್ಲೋ ತರಿಸಬೇಕು. ಹಳೆಯ ಪ್ರತಿಯನ್ನು ಕೊಳ್ಳುವವರು ಮೊದಲ ಬದಿಯ ಹೊರಸುತ್ತನ್ನು ಬೆಳಕಿಗೆ ಹಿಡಿದು ನೋಡಲೇಬೇಕು. ಎಲ್ಲರೂ ಮತ್ತೆ ಮತ್ತೆ ಹಾಕುವುದು ಆ ಮೊದಲ ಹಾಡನ್ನೇ ಆದ್ದರಿಂದ ಗೀರುಗಳೆಲ್ಲ ಅಲ್ಲಿಯೇ ಸೇರಿರುತ್ತವೆ. ನನ್ನ ಪ್ರತಿಯಲ್ಲೂ ಪತ್ರಗಳ ಚರಣದ ಹತ್ತಿರ ಸಣ್ಣಗೆ ಚಿಟಚಿಟ ಸದ್ದಿದೆ.

ಮಲೆನಾಡಿನಲ್ಲಿ ಎಲ್‌ಪಿ ಇಟ್ಟುಕೊಳ್ಳುವವರಿಗೆ ದೊಡ್ಡ ವೈರಿ ಬೂಷ್ಟು. ತಟ್ಟೆಗಿಂತ ಮೊದಲು ಅದು ಹಿಡಿಯುವುದು ರಟ್ಟಿನ ಹೊದಿಕೆಯನ್ನು. ಆಮೇಲೆ ಒಳಗಿನ ಕಾಗದದ ಚೀಲದ ಮೂಲಕ ತಟ್ಟೆಯ ಗೆರೆಗಳಿಗೆ ಇಳಿಯುತ್ತದೆ. ಮೃಗಶಿರಾ ಮಳೆ ಹಿಡಿಯುವ ಮೊದಲೇ ಕಾಗದದ ಚೀಲವನ್ನು ತೆಗೆದು ಪ್ಲಾಸ್ಟಿಕ್ ಚೀಲಕ್ಕೆ ತಟ್ಟೆಯನ್ನು ಹಾಕಿ, ರಟ್ಟಿನ ಹೊದಿಕೆಯನ್ನು ಬೇರೆಯಾಗಿಟ್ಟು, ಎರಡನ್ನೂ ಗೋಡೆಗೆ ತಾಗದ ಕಪಾಟಿನಲ್ಲಿ ನೆಟ್ಟಗೆ ನಿಲ್ಲಿಸಿ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಪಕ್ಕದಲ್ಲಿಟ್ಟರೆ ಸಾಕಾಗುತ್ತದೆ. ಒಲೆಯ ಬಿಸಿ ತಾಗುವ ಅಟ್ಟದ ಮೇಲೆ ಇಡಬಾರದು; ಅಲ್ಲಿ ಅಡಿಕೆ ಒಣಗುತ್ತದೆ, ತಟ್ಟೆ ಡೊಂಕಾಗುತ್ತದೆ.

ಯಾರು ಕೊಳ್ಳಬೇಕು ಎಂದರೆ, ಸುಗಮ ಸಂಗೀತವನ್ನು ಹಾಡುವವರು ಮತ್ತು ಹಾಡಲು ಕಲಿಯುತ್ತಿರುವವರು ಮೊದಲು ಕೊಳ್ಳಬೇಕು. ವಿರಹಗೀತೆಗಳಲ್ಲಿ ಪ್ರತಿ ಸಾಲಿಗೂ ಗದ್ಗದ ತಂದು, ಚಪ್ಪಾಳೆಗಾಗಿ ಮೇಲಿನ ಷಡ್ಜದಲ್ಲಿ ನಿಂತುಬಿಡುವ ಅಭ್ಯಾಸ ಈಚೆಗೆ ನಮ್ಮ ವೇದಿಕೆಗಳಲ್ಲಿ ಹೆಚ್ಚುತ್ತಿದೆ. ಅದಕ್ಕೆ ಈ ತಟ್ಟೆಯ ಮೊದಲ ಬದಿಗಿಂತ ಒಳ್ಳೆಯ ಪಾಠ ಸಿಗಲಾರದು. ಕುಣಿತದ ಹಾಡುಗಳನ್ನು ಬಯಸುವವರಿಗೆ, ಊಟಕ್ಕೆ ಕುಳಿತಾಗ ಹಿನ್ನೆಲೆಗೆ ಏನಾದರೂ ಬೇಕೆನ್ನುವವರಿಗೆ ಇದು ಬೇಡ. ಇದು ಹಿಡಿಸಿದವರು ಮುಂದೆ ಕೇಳಬೇಕಾದದ್ದು 1960ರಲ್ಲಿ ಬಂದ ‘ಜಾರ್ಜ್ ಜೋನ್ಸ್ ಸಲ್ಯೂಟ್ಸ್ ಹ್ಯಾಂಕ್ ವಿಲಿಯಮ್ಸ್’. ಅದರಲ್ಲಿ ಪಿಟೀಲುಗಳ ದೊಡ್ಡ ತಂಡವಿಲ್ಲ, ಕಂಠಕ್ಕೆ ಇನ್ನೂ 30 ತುಂಬಿಲ್ಲ, ಮತ್ತು ಹ್ಯಾಂಕ್ ಅವರಿಂದ ಏನನ್ನು ಉಳಿಸಿಕೊಂಡರು, ಏನನ್ನು ಕೈಬಿಟ್ಟರು ಎಂಬುದನ್ನು ಎರಡೂ ತಟ್ಟೆಗಳನ್ನು ಒಂದೇ ಸಂಜೆ ಕೇಳಿ ತಿಳಿದುಕೊಳ್ಳಬಹುದು.